ಹ್ಯಾಂಡ್‌ಹೆಲ್ಡ್‌ಗೆ ಜೆಆರ್‌ಪಿಜಿ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಿಂಟೆಂಡೋ ಸ್ವಿಚ್ ಅಥವಾ ಸ್ಟೀಮ್ ಡೆಕ್‌ನಂಥ ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಕೈಗೆ ಬಂದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ. ಅತ್ಯುತ್ತಮ ಜೆಆರ್‌ಪಿಜಿ (ಜಪಾನಿ ಬಗೆಯ, ಉದ್ದ ಕಥೆಯ ಆಟ) ಯಾವುದು ಅಂತ ಹುಡುಕಿ, ಪಟ್ಟಿಯ ತುದಿಯಲ್ಲಿರುವ ಆಟ ಕೊಳ್ಳುತ್ತಾರೆ. ಆಟ ನಿಜಕ್ಕೂ ಚೆನ್ನಾಗಿಯೇ ಇರುತ್ತದೆ. ಆದರೂ ಹತ್ತು ಹನ್ನೆರಡು ಗಂಟೆ ಆಡಿ ಬಿಟ್ಟುಬಿಡುತ್ತಾರೆ. ಏಕೆಂದರೆ ಅಂಥ ಪಟ್ಟಿಗಳಲ್ಲಿ ಹೆಚ್ಚಿನವು ದೊಡ್ಡ ಟಿವಿ ಮುಂದೆ ಒಂದೇ ಸಲ ಮೂರು ಗಂಟೆ ಕೂರುವವರ ಲೆಕ್ಕದಲ್ಲಿ ಮಾಡಿದವು. ನೀವು ಆಡುವುದು ಮೆಟ್ರೋದಲ್ಲಿ, ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ, ಮಗು ಮಲಗಿದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ.

ಹಾಗಾಗಿ ಹ್ಯಾಂಡ್‌ಹೆಲ್ಡ್‌ಗೆ ಆಟ ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ ಆಟ ಎಷ್ಟು ದೊಡ್ಡದು, ಎಷ್ಟು ಹೆಸರುವಾಸಿ ಎಂಬುದಲ್ಲ. ನಡುವೆ ಕೆಳಗಿಟ್ಟು, ನಾಲ್ಕು ದಿನ ಬಿಟ್ಟು ಮತ್ತೆ ಎತ್ತಿಕೊಂಡರೆ ಎಲ್ಲಿದ್ದೆ, ಏನು ಮಾಡಬೇಕಿತ್ತು ಅಂತ ನೆನಪಾಗುತ್ತದಾ? ಈ ಬರಹ ಪೂರ್ತಿ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಹೊಸಬರಿಗೆ ಒಂದೆರಡು ಮಾತು. ಜೆಆರ್‌ಪಿಜಿ ಅಂದರೆ ಜಪಾನಿನಲ್ಲಿ ಬೆಳೆದ ಪಾತ್ರಪ್ರಧಾನ ಆಟಗಳು. ಒಂದು ತಂಡ, ಒಂದು ಉದ್ದ ಕಥೆ, ಊರಿಂದ ಊರಿಗೆ ಪಯಣ, ಕಾದಾಡಿ ಲೆವೆಲ್ ಏರಿಸುವುದು. 1986ರಲ್ಲಿ ಯೂಜಿ ಹೋರಿ ಮಾಡಿದ ಡ್ರ್ಯಾಗನ್ ಕ್ವೆಸ್ಟ್, 1987ರಲ್ಲಿ ಹಿರೊನೊಬು ಸಕಾಗುಚಿ ಮಾಡಿದ ಫೈನಲ್ ಫ್ಯಾಂಟಸಿ, ಇವೆರಡೂ ಈ ಬಗೆಯ ಆಟಗಳಿಗೆ ಅಚ್ಚು ಹಾಕಿಕೊಟ್ಟವು. ಎರಡೂ ಟಿವಿಗೆ ಜೋಡಿಸಿ ಆಡುವ ಫ್ಯಾಮಿಕಾಮ್‌ನಲ್ಲಿ ಬಂದವು. ಆದರೆ 1996ರಲ್ಲಿ ಗೇಮ್ ಬಾಯ್‌ನಲ್ಲಿ ಪೋಕೆಮಾನ್ ಬಂದ ಮೇಲೆ, ಜೇಬಿನಲ್ಲಿ ಇಟ್ಟುಕೊಂಡು ಆಡುವ ಜೆಆರ್‌ಪಿಜಿ ಅಂದರೇನು ಅಂತ ಇಡೀ ಜಗತ್ತಿಗೆ ಗೊತ್ತಾಯಿತು. 2009ರಲ್ಲಿ ಡ್ರ್ಯಾಗನ್ ಕ್ವೆಸ್ಟ್‌ನ 9ನೇ ಭಾಗವನ್ನು ನಿಂಟೆಂಡೋ ಡಿಎಸ್‌ಗೇ ಅಂತ ಮಾಡಿದರು. ಅಂದರೆ ಈ ಆಟಗಳಿಗೂ ಕೈಯಲ್ಲಿ ಹಿಡಿಯುವ ಯಂತ್ರಗಳಿಗೂ ಹಳೇ ನಂಟು.

ಹೆಜ್ಜೆ 1: ನಿಮಗೆ ಸಮಯ ಹೇಗೆ ಸಿಗುತ್ತದೆ ನೋಡಿಕೊಳ್ಳಿ

ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ ಅನ್ನುವುದಕ್ಕಿಂತ, ಆ ಗಂಟೆಗಳು ಎಷ್ಟೆಷ್ಟು ತುಂಡಾಗಿ ಸಿಗುತ್ತವೆ ಅನ್ನುವುದು ಮುಖ್ಯ. ವಾರಕ್ಕೆ ಆರು ಗಂಟೆ ಅಂತ ಇಟ್ಟುಕೊಳ್ಳಿ. ಒಬ್ಬರಿಗೆ ಅದು ದಿನಾ ಇಪ್ಪತ್ತು ಇಪ್ಪತ್ತೈದು ನಿಮಿಷದ ತುಂಡುಗಳಲ್ಲಿ ಸಿಗುತ್ತದೆ. ಇನ್ನೊಬ್ಬರಿಗೆ ಶನಿವಾರ, ಭಾನುವಾರ ರಾತ್ರಿ ಒಟ್ಟಿಗೆ ಸಿಗುತ್ತದೆ. ಇವರಿಬ್ಬರಿಗೂ ಒಂದೇ ಆಟ ಹೇಳುವುದು ತಪ್ಪು.

ದಿನಾ ಚೂರು ಚೂರು ಸಮಯ ಸಿಗುವವರು ಮೂರು ವಿಷಯ ನೋಡಬೇಕು.

ಒಂದು, ಸೇವ್ ಎಲ್ಲಿ ಮಾಡಬಹುದು. ಸ್ವಿಚ್‌ನಲ್ಲೂ ಸ್ಟೀಮ್ ಡೆಕ್‌ನಲ್ಲೂ ಪವರ್ ಬಟನ್ ಒತ್ತಿದರೆ ಆಟ ಇದ್ದಲ್ಲೇ ಮಲಗುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಏಳುತ್ತದೆ. ಇದೇ ಸಾಕು ಅಂತ ಅನ್ನಿಸಬಹುದು. ಆದರೆ ಬ್ಯಾಟರಿ ಪೂರ್ತಿ ಖಾಲಿಯಾದರೆ, ಅಥವಾ ಮನೆಯಲ್ಲಿ ಬೇರೆ ಯಾರೋ ಇನ್ನೊಂದು ಆಟ ಶುರು ಮಾಡಿದರೆ ಸೇವ್ ಆಗದಿದ್ದದ್ದೆಲ್ಲ ಹೋಯಿತು. ಹಾಗಾಗಿ ಎಲ್ಲಿ ಬೇಕಾದರೂ ಸೇವ್ ಮಾಡಲು ಬಿಡುವ, ಅಥವಾ ತಾನೇ ಸೇವ್ ಮಾಡಿಕೊಳ್ಳುವ ಆಟ ಒಳ್ಳೆಯದು. ಝೆನೋಬ್ಲೇಡ್ ಕ್ರಾನಿಕಲ್ಸ್‌ನಲ್ಲಿ ಬಯಲಲ್ಲಿ ನಿಂತೇ ಸೇವ್ ಮಾಡಬಹುದು. ಫೈನಲ್ ಫ್ಯಾಂಟಸಿಯ ಮೊದಲ ಆರು ಭಾಗಗಳ ಪಿಕ್ಸೆಲ್ ರೀಮಾಸ್ಟರ್‌ಗಳಲ್ಲಿ, ಅಂದರೆ ಹಳೇ ಆಟಗಳನ್ನು ಹೊಸದಾಗಿ ತಿದ್ದಿ ತಂದ ಆವೃತ್ತಿಗಳಲ್ಲಿ, ನಿಂತಲ್ಲೇ ಉಳಿಸುವ ಕ್ವಿಕ್ ಸೇವ್ ಇದೆ. ಪರ್ಸೋನಾ 5 ರಾಯಲ್‌ನಲ್ಲಿ ಶತ್ರುಗಳ ಕೋಟೆಯೊಳಗೆ ಹೋದ ಮೇಲೆ ಸೇಫ್ ರೂಮ್ ಸಿಗುವವರೆಗೆ ಕಾಯಬೇಕು.

ಎರಡು, ಆಟ ನಿಮಗೆ ಕಥೆ ನೆನಪಿಸುತ್ತದಾ. ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಆದರೆ ಹ್ಯಾಂಡ್‌ಹೆಲ್ಡ್‌ಗೆ ಇದರಷ್ಟು ಬೆಲೆಬಾಳುವ ಸೌಲಭ್ಯ ಇನ್ನೊಂದಿಲ್ಲ. ಡ್ರ್ಯಾಗನ್ ಕ್ವೆಸ್ಟ್ 11ರಲ್ಲಿ ಸೇವ್ ತೆರೆದಾಗ ಇಲ್ಲಿವರೆಗಿನ ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳುತ್ತಾರೆ. ಅದೂ ಸಾಲದಿದ್ದರೆ ಜೊತೆಗಿರುವ ಪಾತ್ರಗಳನ್ನು ಮಾತಾಡಿಸಿ, ಮುಂದೆ ಎಲ್ಲಿ ಹೋಗಬೇಕು ಅಂತ ಅವರೇ ಹೇಳುತ್ತಾರೆ. ಎರಡು ವಾರ ಆಫೀಸ್ ಕೆಲಸದಲ್ಲಿ ಮುಳುಗಿ ವಾಪಸ್ ಬಂದವರಿಗೆ ಇದು ದೊಡ್ಡ ಉಪಕಾರ.

ಮೂರು, ಕಥೆ ಹೇಳುವ ದೃಶ್ಯಗಳು ಎಷ್ಟು ಉದ್ದ. ಝೆನೋಬ್ಲೇಡ್ 3ರಲ್ಲಿ ಕೆಲವು ಕಡೆ ದೃಶ್ಯಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನೋಡಿದರೆ ಅದ್ಭುತ. ಬಸ್ ಸ್ಟಾಪ್ ಹತ್ತಿರ ಬಂದಾಗ ಅದೇ ದೃಶ್ಯ ನಡೆಯುತ್ತಿದ್ದರೆ ಕಥೆಯ ಮುಖ್ಯ ಗಳಿಗೆ ಹಾಳಾಗುತ್ತದೆ.

ಇನ್ನು ಒಟ್ಟು ಉದ್ದ. ಸುಮಾರು ಲೆಕ್ಕ ಹೇಳುತ್ತೇನೆ, ಆಡುವವರ ವೇಗದ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಕ್ರೋನೋ ಟ್ರಿಗರ್, ಲೈವ್ ಎ ಲೈವ್ ಥರದವು 20ರಿಂದ 25 ಗಂಟೆ. ಈಸ್ 8 ಸುಮಾರು 40. ಡ್ರ್ಯಾಗನ್ ಕ್ವೆಸ್ಟ್ 11, ಆಕ್ಟೋಪಾತ್ ಟ್ರಾವೆಲರ್, ಝೆನೋಬ್ಲೇಡ್ ಇವೆಲ್ಲ 60ರ ಆಸುಪಾಸು. ಪರ್ಸೋನಾ 5 ರಾಯಲ್ 100 ಗಂಟೆ. ದಿನಕ್ಕೆ ಅರ್ಧ ಗಂಟೆ ಆಡುವವರಿಗೆ 100 ಗಂಟೆ ಅಂದರೆ ಆರು ತಿಂಗಳಿಗೂ ಜಾಸ್ತಿ. ಆರು ತಿಂಗಳು ಒಂದೇ ಆಟ ಆಡಲು ಖುಷಿ ಅಂದರೆ ಸರಿ, ಕೆಲವರಿಗೆ ಅದೇ ಸುಖ. ಆದರೆ ಮೊದಲ ಆಟಕ್ಕೇ ಅದು ಬೇಡ. ಒಂದು ಆಟವನ್ನು ಕೊನೆ ಮುಟ್ಟಿಸಿದ ಅನುಭವ ಸಿಕ್ಕ ಮೇಲೆ ಉದ್ದದ ಆಟ ಹಿಡಿಯುವುದು ಸುಲಭ.

ಹೆಜ್ಜೆ 2: ನಿಮ್ಮ ಯಂತ್ರದ ಗುಣ ತಿಳಿದುಕೊಳ್ಳಿ

ಒಂದೊಂದು ಯಂತ್ರಕ್ಕೆ ಒಂದೊಂದು ಶಕ್ತಿ, ಒಂದೊಂದು ಮಿತಿ.

ಸ್ವಿಚ್ ಬಂದದ್ದು 2017ರಲ್ಲಿ. ಜೆಆರ್‌ಪಿಜಿ ಪ್ರಿಯರಿಗೆ ಇದರಷ್ಟು ದೊಡ್ಡ ಸಂಗ್ರಹ ಇರುವ ಹ್ಯಾಂಡ್‌ಹೆಲ್ಡ್ ಕಡಿಮೆ. ಝೆನೋಬ್ಲೇಡ್, ಫೈರ್ ಎಂಬ್ಲಮ್ ಥರದ ನಿಂಟೆಂಡೋ ಸ್ವಂತ ಆಟಗಳು ಬೇರೆಲ್ಲೂ ಸಿಗುವುದಿಲ್ಲ. ಸಾಮಾನ್ಯ ಸ್ವಿಚ್‌ನ ಪರದೆ 6.2 ಇಂಚು, ಚಿಕ್ಕ ಮಾದರಿ ಲೈಟ್‌ನದ್ದು 5.5, ಬಣ್ಣ ಎದ್ದು ಕಾಣುವ ಓಲೆಡ್ ಪರದೆಯ ಮಾದರಿಯದ್ದು 7. ಲೈಟ್ ಸುಮಾರು 275 ಗ್ರಾಂ ಅಷ್ಟೇ, ಮಲಗಿಕೊಂಡು ಆಡಲು ಅದಕ್ಕಿಂತ ಹಾಯಾದ ಯಂತ್ರ ಇಲ್ಲ. ಆದರೆ ಲೈಟ್ ಅನ್ನು ಟಿವಿಗೆ ಜೋಡಿಸಲು ಆಗುವುದಿಲ್ಲ ಅನ್ನುವುದು ನೆನಪಿರಲಿ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರಲ್ಲಿ 7.9 ಇಂಚಿನ ಪರದೆ ಇದೆ, ಹಳೇ ಸ್ವಿಚ್ ಆಟಗಳಲ್ಲಿ ಬಹುಪಾಲು ಅದರಲ್ಲೂ ನಡೆಯುತ್ತವೆ.

ಸ್ಟೀಮ್ ಡೆಕ್‌ನ ಓಲೆಡ್ ಮಾದರಿ ಸುಮಾರು 640 ಗ್ರಾಂ. ಕೈ ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕೆ ಆಟ ಕೊಳ್ಳುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ, ರಿಯಾಯಿತಿ ಆಗಾಗ ಬರುತ್ತದೆ, ಕ್ರೋನೋ ಟ್ರಿಗರ್‌ನಂಥ ಸ್ವಿಚ್‌ನಲ್ಲಿ ಇಲ್ಲದ ಹಳೇ ರತ್ನಗಳೂ ಸಿಗುತ್ತವೆ. ಮೆಟಫರ್: ರೆಫಂಟಾಜಿಯೋದಂಥ 2024ರ ಆಟ ಕೂಡ ಮೂಲ ಸ್ವಿಚ್‌ಗೆ ಬಂದಿಲ್ಲ. ಡೆಕ್‌ನಲ್ಲಿ ಆಟ ನಡೆಯುತ್ತದಾ ಅಂತ ತಿಳಿಯಲು ಸ್ಟೋರ್ ಪುಟದಲ್ಲೇ ಗುರುತು ಇರುತ್ತದೆ. ವೆರಿಫೈಡ್ ಅಂತ ಇದ್ದರೆ ಯೋಚನೆ ಬೇಡ. ಪ್ಲೇಯೆಬಲ್ ಅಂತ ಇದ್ದರೆ ಕಾರಣ ಓದಿ. ಎಷ್ಟೋ ಸಲ ಅಕ್ಷರ ಚಿಕ್ಕದು ಅನ್ನುವುದಷ್ಟೇ ಕಾರಣ ಆಗಿರುತ್ತದೆ.

ವಿಂಡೋಸ್ ಇರುವ ಆಸುಸ್ ರೋಗ್ ಅಲೈ ಥರದ ಯಂತ್ರಗಳು ಭಾರತದಲ್ಲಿ ಅಧಿಕೃತವಾಗಿ ಸಿಗುತ್ತವೆ, ವಾರಂಟಿಯ ಚಿಂತೆ ಇಲ್ಲ. ಶಕ್ತಿಯೂ ಜಾಸ್ತಿ. ಆದರೆ ಆಟವನ್ನು ಮಲಗಿಸಿ ಎಬ್ಬಿಸುವ ವಿಷಯದಲ್ಲಿ ವಿಂಡೋಸ್ ಇನ್ನೂ ಡೆಕ್‌ನಷ್ಟು ನಂಬಿಕಸ್ತವಲ್ಲ. ಚೂರು ಚೂರು ಸಮಯದಲ್ಲಿ ಆಡುವವರಿಗೆ ಇದು ಸಣ್ಣ ವಿಷಯವಲ್ಲ.

ಹಾಂ, ನಿಮ್ಮ ಫೋನ್ ಕೂಡ ಒಂದು ಹ್ಯಾಂಡ್‌ಹೆಲ್ಡೇ. ಯಂತ್ರಕ್ಕೆ ದುಡ್ಡು ಹಾಕುವ ಮುಂಚೆ ಈ ಬಗೆಯ ಆಟ ನಿಮಗೆ ಹಿಡಿಸುತ್ತದಾ ಅಂತ ನೋಡಬೇಕಿದ್ದರೆ ಫೋನಿನಲ್ಲೇ ಕ್ರೋನೋ ಟ್ರಿಗರ್ ಅಥವಾ ಫೈನಲ್ ಫ್ಯಾಂಟಸಿ ಪಿಕ್ಸೆಲ್ ರೀಮಾಸ್ಟರ್ ಆಡಿ ನೋಡಿ.

ಹೆಜ್ಜೆ 3: ಯಾವ ಬಗೆಯ ಕಾದಾಟ ನಿಮಗೆ ಒಗ್ಗುತ್ತದೆ

60 ಗಂಟೆಯ ಆಟದಲ್ಲಿ ಅರ್ಧಕ್ಕರ್ಧ ಕಾದಾಟವೇ. ಕಥೆ ಎಷ್ಟೇ ಚೆನ್ನಾಗಿರಲಿ, ಕಾದಾಟ ಬೇಸರ ಬಂದರೆ ಮುಗಿಯಿತು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಿ.

ಮೊದಲನೆಯದು ಸರದಿ ಕಾದಾಟ. ನೀವೊಂದು ಏಟು, ಅವರೊಂದು ಏಟು. ಡ್ರ್ಯಾಗನ್ ಕ್ವೆಸ್ಟ್ ಇವತ್ತಿಗೂ ಮೂಲದಲ್ಲಿ ಇದೇ. ನಿಮ್ಮ ಸರದಿ ಬಂದಾಗ ಆಟ ಕಾಯುತ್ತದೆ. ಟಿಕೆಟ್ ತೋರಿಸಿ, ಫೋನ್ ಎತ್ತಿ, ಚಹಾ ಕುಡಿದು ಬನ್ನಿ, ಏನೂ ಆಗುವುದಿಲ್ಲ. ಹ್ಯಾಂಡ್‌ಹೆಲ್ಡ್‌ಗೆ ಹೇಳಿ ಮಾಡಿಸಿದ್ದು. ಆಕ್ಟೋಪಾತ್‌ನಲ್ಲಿ ಇದಕ್ಕೊಂದು ಒಳ್ಳೆಯ ತಿರುವು ಇದೆ: ಶತ್ರುವಿನ ದೌರ್ಬಲ್ಯ ಹುಡುಕಿ ಹೊಡೆಯುತ್ತಾ ಅವನ ಗುರಾಣಿ ಮುರಿಯಬೇಕು, ಅಷ್ಟರಲ್ಲಿ ಶಕ್ತಿ ಕೂಡಿಟ್ಟುಕೊಂಡು, ಮುರಿದ ಕ್ಷಣದಲ್ಲಿ ಎಲ್ಲವನ್ನೂ ಒಟ್ಟಿಗೆ ಸುರಿಯಬೇಕು. ಒಂದೊಂದು ಬಾಸ್ (ಘಟ್ಟದ ಕೊನೆಯ ದೊಡ್ಡ ಶತ್ರು) ಕಾದಾಟವೂ ಒಂದು ಒಗಟು ಬಿಡಿಸಿದ ಹಾಗಿರುತ್ತದೆ. ಪರ್ಸೋನಾ, ಶಿನ್ ಮೆಗಾಮಿ ಟೆನ್ಸೆ ಇವೂ ದೌರ್ಬಲ್ಯದ ಮೇಲೆಯೇ ನಿಂತಿವೆ. ಆದರೆ ಶಿನ್ ಮೆಗಾಮಿ ಟೆನ್ಸೆಯಲ್ಲಿ ನಿಮ್ಮ ದೌರ್ಬಲ್ಯಕ್ಕೂ ಅದೇ ಶಿಕ್ಷೆ. ಒಂದು ತಪ್ಪು ಹೆಜ್ಜೆಗೆ ಇಡೀ ತಂಡ ಮಣ್ಣು ಮುಕ್ಕಬಹುದು. ಮೊದಲ ಆಟವಾಗಿ ಅದನ್ನು ಯಾರಿಗೂ ಹೇಳುವುದಿಲ್ಲ.

ಎರಡನೆಯದು ಗಡಿಯಾರದ ಜೊತೆ ಓಡುವ ಸರದಿ. 1991ರ ಫೈನಲ್ ಫ್ಯಾಂಟಸಿ 4ರಲ್ಲಿ ಹಿರೊಯುಕಿ ಇಟೊ ತಂದದ್ದು. ನೀವು ಯೋಚಿಸುತ್ತಾ ಕೂತರೆ ಶತ್ರು ಸುಮ್ಮನಿರುವುದಿಲ್ಲ. ಈ ಆಟಗಳಲ್ಲಿ ಹೆಚ್ಚಾಗಿ ವೇಟ್ ಅನ್ನುವ ಆಯ್ಕೆ ಇರುತ್ತದೆ. ಹ್ಯಾಂಡ್‌ಹೆಲ್ಡ್‌ನಲ್ಲಿ ಅದನ್ನು ಮೊದಲೇ ಹಾಕಿಬಿಡಿ, ಮೆನುವಿನಲ್ಲಿ ಮಂತ್ರ ಹುಡುಕುವಾಗ ಕಾಲ ನಿಲ್ಲುತ್ತದೆ.

ಮೂರನೆಯದು ಆಕ್ಷನ್. ಈಸ್ 8ರಲ್ಲಿ ನೀವೇ ಓಡಬೇಕು, ತಪ್ಪಿಸಿಕೊಳ್ಳಬೇಕು, ಹೊಡೆಯಬೇಕು. ವೇಗವಾಗಿದೆ, ಒಂದೊಂದು ಕಾದಾಟ ಕೆಲವೇ ಸೆಕೆಂಡಿನದು. ಹಡಗು ಒಡೆದು ದ್ವೀಪಕ್ಕೆ ಬಿದ್ದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ತಂದು ಒಂದು ಸಣ್ಣ ಹಳ್ಳಿ ಕಟ್ಟುವ ಕಥೆ. ಇಪ್ಪತ್ತು ನಿಮಿಷದಲ್ಲೂ ಒಂದು ಮೂಲೆ ಹುಡುಕಿ ಮುಗಿಸಿದ ತೃಪ್ತಿ ಸಿಗುತ್ತದೆ. ಆದರೆ ಅಲುಗಾಡುವ ಬಸ್ಸಿನಲ್ಲಿ ನಿಂತುಕೊಂಡು ಇದನ್ನು ಆಡಲು ಹೋಗಬೇಡಿ. ಝೆನೋಬ್ಲೇಡ್ ಇದರ ಪಕ್ಕದ ಬಗೆ. ಅಲ್ಲಿ ಮಾಮೂಲಿ ಏಟುಗಳು ತಾವಾಗಿಯೇ ಬೀಳುತ್ತವೆ, ನೀವು ಎಲ್ಲಿ ನಿಲ್ಲಬೇಕು, ಯಾವ ವಿಶೇಷ ಏಟು ಯಾವಾಗ ಅಂತ ನೋಡುತ್ತಿರಬೇಕು.

ನಾಲ್ಕನೆಯದು ಚದುರಂಗದಂಥ ಮನೆಗಳ ಮೇಲೆ ಸೈನ್ಯ ನಡೆಸುವ ತಂತ್ರದ ಆಟ. ಫೈರ್ ಎಂಬ್ಲಮ್: ಥ್ರೀ ಹೌಸಸ್, ಟ್ರಯಾಂಗಲ್ ಸ್ಟ್ರಾಟೆಜಿ ಇತ್ಯಾದಿ. ಒಂದು ಯುದ್ಧ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಆದರೆ ನಡುವೆ ಎಲ್ಲಿ ಬೇಕಾದರೂ ಯಂತ್ರ ಮಲಗಿಸಬಹುದು. ಫೈರ್ ಎಂಬ್ಲಮ್‌ನಲ್ಲಿ ಕ್ಲಾಸಿಕ್ ಆರಿಸಿದರೆ ಸತ್ತ ಪಾತ್ರ ಮತ್ತೆ ಬರುವುದಿಲ್ಲ. ಕ್ಯಾಶುಯಲ್ ಆರಿಸಿದರೆ ಮುಂದಿನ ಯುದ್ಧಕ್ಕೆ ಬರುತ್ತದೆ. ಮೊದಲ ಸಲ ಕ್ಯಾಶುಯಲ್ ಆರಿಸುವುದರಲ್ಲಿ ಯಾವ ಅವಮಾನವೂ ಇಲ್ಲ.

ಇದರ ಜೊತೆ ಇನ್ನೊಂದು ವಿಷಯ ನೋಡಿ. ಶತ್ರುಗಳು ಕಣ್ಣಿಗೆ ಕಾಣಿಸುತ್ತಾರಾ, ಇಲ್ಲ ನಡೆಯುವಾಗ ಇದ್ದಕ್ಕಿದ್ದಂತೆ ಎದುರಾಗುತ್ತಾರಾ? ಡ್ರ್ಯಾಗನ್ ಕ್ವೆಸ್ಟ್ 11ರಲ್ಲಿ ಕಾಣಿಸುತ್ತಾರೆ, ಬೇಡ ಅನ್ನಿಸಿದರೆ ಪಕ್ಕದಿಂದ ಜಾರಿಕೊಳ್ಳಬಹುದು. ಆಕ್ಟೋಪಾತ್‌ನಲ್ಲಿ ಇದ್ದಕ್ಕಿದ್ದಂತೆ ಎದುರಾಗುತ್ತಾರೆ. ಹತ್ತು ನಿಮಿಷದಲ್ಲಿ ಒಂದು ಗುಹೆ ದಾಟಬೇಕು ಅಂದುಕೊಂಡವರಿಗೆ ಎಂಟು ಸಲ ಕಾದಾಟ ಅಡ್ಡ ಬಂದರೆ ತಾಳ್ಮೆ ಹೋಗುತ್ತದೆ. ಇದಕ್ಕೆ ಒಳ್ಳೆಯ ಪರಿಹಾರ ಕೊಟ್ಟದ್ದು ಪಿಕ್ಸೆಲ್ ರೀಮಾಸ್ಟರ್‌ಗಳ ಸ್ವಿಚ್ ಆವೃತ್ತಿ: ಕಾದಾಟ ಎದುರಾಗುವುದನ್ನೇ ಒಂದು ಬಟನ್ನಿನಲ್ಲಿ ನಿಲ್ಲಿಸಬಹುದು, ಗೆದ್ದಾಗ ಸಿಗುವ ಅನುಭವದ ಅಂಕವನ್ನು ನಾಲ್ಕು ಪಟ್ಟುವರೆಗೆ ಏರಿಸಬಹುದು.

ಹೆಜ್ಜೆ 4: ಪರದೆ ಮತ್ತು ಅಕ್ಷರ

ಜೆಆರ್‌ಪಿಜಿ ಅಂದರೆ ಓದುವುದು. ಕಾದಂಬರಿಗಳಷ್ಟು ಓದುವುದು ಇರುತ್ತದೆ, ಅದೂ ಬಹುಪಾಲು ಇಂಗ್ಲಿಷಿನಲ್ಲಿ. ಹಾಗಾಗಿ ಅಕ್ಷರ ಕಾಣಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಥ್ರೀ ಹೌಸಸ್ ಒಳ್ಳೆಯ ಆಟ, ಆದರೆ ಅದರ ಮೆನು ಅಕ್ಷರಗಳು ಕೈಯಲ್ಲಿ ಹಿಡಿದಾಗ ಬಹಳ ಚಿಕ್ಕವು. ಸ್ವಿಚ್ ಲೈಟ್ ಇರುವವರು, ಕನ್ನಡಕ ಹಾಕುವವರು ಕೊಳ್ಳುವ ಮುಂಚೆ ಯಾರಾದರೂ ಕೈಯಲ್ಲಿ ಹಿಡಿದು ಆಡಿದ ವಿಡಿಯೋ ನೋಡಿ. ಝೆನೋಬ್ಲೇಡ್ 2ರಲ್ಲಿ ಅಕ್ಷರದ ಜೊತೆ ಚಿತ್ರವೂ ಮಸುಕಾಗುತ್ತದೆ, ಯಂತ್ರದ ಶಕ್ತಿಗೆ ಮೀರಿದ ಬಯಲುಗಳನ್ನು ತೋರಿಸಲು ಹೋಗಿ ಹಾಗಾಗಿದೆ.

ಚಿಕ್ಕ ಪರದೆಯಲ್ಲಿ ನಿಜವಾಗಿ ಹೊಳೆಯುವುದು ಎರಡು ಆಯಾಮದ ಚಿತ್ರಗಳು, ಮತ್ತು ಡ್ರ್ಯಾಗನ್ ಕ್ವೆಸ್ಟ್ ತರುವ ಸ್ಕ್ವೇರ್ ಎನಿಕ್ಸ್ ಕಂಪನಿಯವರು ಎಚ್‌ಡಿ-2ಡಿ ಅಂತ ಕರೆಯುವ ಶೈಲಿ. ಹಳೇ ಕಾಲದ ಪುಟ್ಟ ಪಾತ್ರಗಳು, ಹಿಂದೆ ಆಳವಾದ ದೃಶ್ಯ, ಬೆಳಕು. 2018ರ ಆಕ್ಟೋಪಾತ್‌ನಿಂದ ಶುರುವಾದದ್ದು, 2022ರ ಲೈವ್ ಎ ಲೈವ್, 2024ರ ಡ್ರ್ಯಾಗನ್ ಕ್ವೆಸ್ಟ್ 3 ಮರುರೂಪದವರೆಗೆ ಬಂದಿದೆ. ಓಲೆಡ್ ಪರದೆಯಲ್ಲಿ ರಾತ್ರಿ ಲೈಟ್ ಆರಿಸಿ ಇವನ್ನು ನೋಡುವ ಖುಷಿ ದೊಡ್ಡ ಟಿವಿಯಲ್ಲೂ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಡೆಕ್ ಇರುವವರಿಗೆ ಇದರಿಂದ ಬ್ಯಾಟರಿಯೂ ಉಳಿಯುತ್ತದೆ. ಇಂಥ ಆಟಗಳಿಗೆ ಫ್ರೇಮ್ ಮಿತಿಯನ್ನು (ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ) 30ಕ್ಕೋ 40ಕ್ಕೋ ಇಳಿಸಿದರೆ ಏನೂ ನಷ್ಟ ಅನ್ನಿಸುವುದಿಲ್ಲ, ಆಡುವ ಹೊತ್ತು ಮಾತ್ರ ಚೆನ್ನಾಗಿ ಹೆಚ್ಚುತ್ತದೆ.

ಹೆಜ್ಜೆ 5: ಡೆಮೊ ಆಡದೆ ಕೊಳ್ಳಬೇಡಿ

ಈ ಆಟಗಳು ನಿಧಾನವಾಗಿ ತೆರೆದುಕೊಳ್ಳುತ್ತವೆ. ಪರ್ಸೋನಾ 5ರಲ್ಲಿ ಮೊದಲ ಕೆಲವು ಗಂಟೆ ಆಟ ನಿಮ್ಮ ಕೈ ಹಿಡಿದೇ ನಡೆಸುತ್ತದೆ, ನಿಮ್ಮಿಷ್ಟದಂತೆ ದಿನ ಕಳೆಯಲು ಬಿಡುವುದು ಆಮೇಲೆ. ಹಾಗಾಗಿ ಹತ್ತು ನಿಮಿಷದ ವಿಡಿಯೋ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ. ಅದೃಷ್ಟಕ್ಕೆ ಈ ಬಗೆಯಲ್ಲಿ ಡೆಮೊಗಳು, ಅಂದರೆ ಕೊಳ್ಳುವ ಮುಂಚೆ ಉಚಿತವಾಗಿ ಆಡಿ ನೋಡುವ ತುಣುಕುಗಳು, ತುಂಬಾ ಉದಾರವಾಗಿವೆ. ಡ್ರ್ಯಾಗನ್ ಕ್ವೆಸ್ಟ್ 11 ಎಸ್‌ನ (11ರ ಹಿಗ್ಗಿಸಿದ ಆವೃತ್ತಿ) ಡೆಮೊ ಹತ್ತು ಗಂಟೆವರೆಗೆ ಆಡಬಹುದು. ಆಕ್ಟೋಪಾತ್ ಎರಡೂ ಭಾಗಗಳ ಡೆಮೊ ಮೂರು ಗಂಟೆಯದು. ಇವುಗಳ ಸೇವ್ ಪೂರ್ತಿ ಆಟಕ್ಕೆ ಹಾಗೆಯೇ ಮುಂದುವರಿಯುತ್ತದೆ, ಆಡಿದ್ದು ದಂಡವಾಗುವುದಿಲ್ಲ.

ಡೆಮೊ ಆಡುವಾಗ ಒಂದೇ ಸಲ ಕೂತು ಮುಗಿಸಬೇಡಿ. ನೀವು ನಿಜವಾಗಿ ಆಡುವ ಹಾಗೆಯೇ ಆಡಿ. ಬೆಳಗ್ಗೆ ಹೋಗುವಾಗ ಒಂದಿಷ್ಟು, ರಾತ್ರಿ ಒಂದಿಷ್ಟು. ಆಮೇಲೆ ಬೇಕಂತಲೇ ಮೂರು ದಿನ ಮುಟ್ಟಬೇಡಿ. ನಾಲ್ಕನೇ ದಿನ ತೆರೆದಾಗ ಕೈ ತಾನಾಗಿ ಹೋಗುತ್ತದಾ, ಅಥವಾ ಇದೇನಪ್ಪಾ ಎಲ್ಲಿದ್ದೆ ಅಂತ ಒದ್ದಾಡುತ್ತೀರಾ? ಅಲ್ಲೇ ಉತ್ತರ ಸಿಗುತ್ತದೆ.

ಡೆಮೊ ಇಲ್ಲದಿದ್ದರೆ ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಕಥೆ ತೂಗಲು ಎರಡು ಗಂಟೆ ಸಾಲದು, ಆದರೆ ಅಕ್ಷರ ಕಾಣಿಸುತ್ತದಾ, ಯಂತ್ರದಲ್ಲಿ ಸರಿಯಾಗಿ ಓಡುತ್ತದಾ ಅಂತ ನೋಡಲು ಸಾಕು.

ಹೆಜ್ಜೆ 6: ಈಗ ಆರಿಸಿ

ಇಲ್ಲಿಂದ ನನ್ನ ಅಭಿಪ್ರಾಯ ನೇರವಾಗಿ.

ಒಂದೂ ಜೆಆರ್‌ಪಿಜಿ ಆಡಿಲ್ಲ, ಒಂದೇ ಒಂದು ಹೆಸರು ಹೇಳಿ ಅಂದರೆ ಡ್ರ್ಯಾಗನ್ ಕ್ವೆಸ್ಟ್ 11 ಎಸ್. 2019ರಲ್ಲಿ ಸ್ವಿಚ್‌ಗೆ ಬಂತು, ಆಮೇಲೆ ಪಿಸಿಗೂ ಬಂತು. ಕಥೆ ಸರಳವಾಗಿ ಶುರುವಾಗುತ್ತದೆ, ಊರೂರಿಗೂ ಒಂದೊಂದು ಸಣ್ಣ ಕಥೆ, ಆ ಸಣ್ಣ ಕಥೆಗಳು ನಾಲ್ಕೈದು ದಿನದ ಪ್ರಯಾಣದಲ್ಲಿ ಮುಗಿಯುವಷ್ಟು ಇರುತ್ತವೆ. ಚಿತ್ರಕಾರ ಅಕಿರಾ ತೊರಿಯಾಮಾ ಬರೆದ ಮುಖಗಳು ಚಿಕ್ಕ ಪರದೆಯಲ್ಲೂ ಮೊದಲ ನೋಟಕ್ಕೇ ಗುರುತು ಸಿಗುತ್ತವೆ. ಎಸ್ ಆವೃತ್ತಿಯಲ್ಲಿ ಆರ್ಕೆಸ್ಟ್ರಾ ಸಂಗೀತ ಇದೆ, ಬೇಕಾದರೆ ಇಡೀ ಆಟವನ್ನು ಹಳೇ ಶೈಲಿಯ ಎರಡು ಆಯಾಮದಲ್ಲೂ ಆಡಬಹುದು. ಒಂದು ಎಚ್ಚರಿಕೆ: ಹೆಸರುಗಳ ಪಟ್ಟಿ ಓಡಿ ಆಟ ಮುಗಿದಂತೆ ಕಾಣಿಸಿದಾಗ ನಿಲ್ಲಿಸಬೇಡಿ. ಕಥೆಯ ನಿಜವಾದ ಕೊನೆ ಅದರ ಆಚೆ ಇದೆ.

60 ಗಂಟೆ ಜಾಸ್ತಿಯಾಯಿತು ಅನ್ನುವವರಿಗೆ ಲೈವ್ ಎ ಲೈವ್. ಇದು 1994ರಲ್ಲಿ ಜಪಾನಿನಲ್ಲಿ ಮಾತ್ರ ಬಂದಿದ್ದ ಆಟ, 2022ರಲ್ಲಿ ಮರುರೂಪ ಪಡೆದು ಹೊರಗೆ ಬಂತು. ಆದಿಮಾನವರ ಕಾಲ, ಹಳೇ ಚೀನಾ, ಎಡೋ ಕಾಲದ ಜಪಾನ್, ಅಮೆರಿಕದ ಪಶ್ಚಿಮ, ಅಂತರಿಕ್ಷದ ಹಡಗು ಹೀಗೆ ಬೇರೆ ಬೇರೆ ಕಾಲದ ಕಥೆಗಳು. ಹೆಚ್ಚಿನವು ಎರಡು ಮೂರು ಗಂಟೆಯವು. ಒಂದು ಮುಗಿಸಿ ವಾರ ಬಿಟ್ಟು ಇನ್ನೊಂದಕ್ಕೆ ಬನ್ನಿ, ದಾರ ತಪ್ಪುವುದೇ ಇಲ್ಲ. ತುಂಡು ಸಮಯಕ್ಕೆ ಇದಕ್ಕಿಂತ ಒಳ್ಳೆಯ ಆಕಾರದ ಆಟ ನನಗೆ ಗೊತ್ತಿಲ್ಲ.

ಕ್ರೋನೋ ಟ್ರಿಗರ್ ಬಗ್ಗೆ ಹೇಳದೆ ಇರಲು ಆಗುವುದಿಲ್ಲ. 1995ರದ್ದು. ಸಕಾಗುಚಿ, ಹೋರಿ, ತೊರಿಯಾಮಾ ಮೂವರೂ ಕೂಡಿ ಮಾಡಿದ ಆಟ. ಕಾಲದಲ್ಲಿ ಹಿಂದೆ ಮುಂದೆ ಹೋಗುವ ಕಥೆ, ಒಂದು ನಿಮಿಷವೂ ವ್ಯರ್ಥ ಇಲ್ಲ. ಡೆಕ್ ಅಥವಾ ಫೋನ್ ಇದ್ದರೆ ಇದೇ ಮೊದಲು.

ಆಕ್ಟೋಪಾತ್ ಆಡಬೇಕಿದ್ದರೆ 2023ರ ಎರಡನೇ ಭಾಗದಿಂದ ಶುರು ಮಾಡಿ. ಅದರ ಕಥೆಗೂ ಮೊದಲ ಭಾಗಕ್ಕೂ ಸಂಬಂಧ ಇಲ್ಲ. ಮೊದಲ ಭಾಗದಲ್ಲಿ ಎಂಟು ಜನ ಒಟ್ಟಿಗೆ ನಡೆದರೂ ಒಬ್ಬರ ಕಥೆ ಇನ್ನೊಬ್ಬರಿಗೆ ತಾಕುವುದು ಕಡಿಮೆ. ಎರಡನೇ ಭಾಗದಲ್ಲಿ ಇಬ್ಬಿಬ್ಬರು ಸೇರಿ ಹೋಗುವ ಕಥೆಗಳಿವೆ, ಕಾದಾಟದ ವೇಗವನ್ನೂ ಎರಡು ಪಟ್ಟು ಮಾಡಬಹುದು.

ವಾರಾಂತ್ಯದಲ್ಲಿ ಎರಡು ಮೂರು ಗಂಟೆ ಒಟ್ಟಿಗೆ ಸಿಗುವವರಿಗೆ ಝೆನೋಬ್ಲೇಡ್ ಕ್ರಾನಿಕಲ್ಸ್: ಡೆಫಿನಿಟಿವ್ ಎಡಿಷನ್. ಸತ್ತು ನಿಂತ ಎರಡು ದೈತ್ಯ ದೇಹಗಳ ಮೇಲೆ ಜನ ಬದುಕುವ ಲೋಕ. ಮೊಣಕಾಲಿನ ಮೇಲೆ ನಿಂತು ತಲೆ ಎತ್ತಿದರೆ ಮೋಡದಾಚೆ ಇನ್ನೊಂದು ದೈತ್ಯ ಕಾಣಿಸುತ್ತದೆ. ಆದರೆ ಝೆನೋಬ್ಲೇಡ್ 2ರಿಂದ ಶುರು ಮಾಡಬೇಡಿ. ಅದರ ಕಾದಾಟ ಬಹಳ ತೊಡಕಿನದು, ಆಟ ಒಮ್ಮೆ ಕಲಿಸಿದ ಪಾಠವನ್ನು ಮೆನುವಿನಲ್ಲಿ ಮತ್ತೆ ತೆಗೆದು ಓದುವ ದಾರಿಯೂ ಇಲ್ಲ. ಬಿಟ್ಟು ಬಿಟ್ಟು ಆಡುವವರಿಗೆ ಇದು ದೊಡ್ಡ ತೊಂದರೆ.

ಪರ್ಸೋನಾ 5 ರಾಯಲ್ ಟೋಕಿಯೋದಲ್ಲಿ ಒಂದು ವರ್ಷ ಶಾಲೆಗೆ ಹೋಗುವ ಆಟ. ಬೆಳಗ್ಗೆ ಪಾಠ, ಸಂಜೆ ಗೆಳೆಯರು, ರಾತ್ರಿ ಬೇರೆಯೇ ಕೆಲಸ. ಆಟದ ಒಂದು ದಿನ ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಹಾಗಾಗಿ ಆ ಭಾಗ ಹ್ಯಾಂಡ್‌ಹೆಲ್ಡ್‌ಗೆ ತುಂಬಾ ಚೆನ್ನಾಗಿ ಒಗ್ಗುತ್ತದೆ, ಕೋಟೆಗಳಿಗೆ ಹೋಗುವ ದಿನಗಳನ್ನು ಮಾತ್ರ ವಾರಾಂತ್ಯಕ್ಕೆ ಇಟ್ಟುಕೊಳ್ಳಿ. ರಾಯಲ್‌ನಲ್ಲಿ ಸೇರಿಸಿದ ಕೊನೆಯ ಭಾಗ ತೆರೆಯಬೇಕಿದ್ದರೆ ಶಾಲೆಯ ಆಪ್ತಸಲಹೆಗಾರ ಮರುಕಿ ಜೊತೆಗಿನ ಸ್ನೇಹ ಆಟದ ನವೆಂಬರ್ 18ರೊಳಗೆ 9ನೇ ಹಂತ ತಲುಪಿರಬೇಕು. ಇದನ್ನು ಆಟ ಸ್ಪಷ್ಟವಾಗಿ ಹೇಳುವುದಿಲ್ಲ, 90 ಗಂಟೆ ಆದ ಮೇಲೆ ಗೊತ್ತಾದರೆ ಸಂಕಟ, ಅದಕ್ಕೇ ಈಗಲೇ ಹೇಳಿದೆ. ಮಕ್ಕಳಿಗೆ ಅಂತ ಆಟ ಹುಡುಕುತ್ತಿರುವ ಅಪ್ಪ ಅಮ್ಮಂದಿರು ಇದನ್ನು ಕೊಳ್ಳಬೇಡಿ. ಮೊದಲ ಕೋಟೆಯ ಕಥೆಯೇ ವಿದ್ಯಾರ್ಥಿಗಳ ಮೇಲೆ ಕೈ ಮಾಡುವ, ಲೈಂಗಿಕ ಕಿರುಕುಳ ಕೊಡುವ ಮೇಷ್ಟ್ರೊಬ್ಬನದು. ಮಕ್ಕಳಿಗೆ ಪೋಕೆಮಾನ್ ಸಾಕು.

ಹಳೇದರ ರುಚಿ ಬೇಕಿದ್ದರೆ, ನಿಂಟೆಂಡೋ ಸ್ವಿಚ್ ಆನ್‌ಲೈನ್ ಚಂದಾ ಇದ್ದವರಿಗೆ ಅರ್ಥ್‌ಬೌಂಡ್ ಸಿಗುತ್ತದೆ. ಆ ಚಂದಾದ ದುಬಾರಿ ಹಂತ ಎಕ್ಸ್‌ಪ್ಯಾನ್ಷನ್ ಪ್ಯಾಕ್ ಇದ್ದರೆ ಗೇಮ್ ಬಾಯ್ ಅಡ್ವಾನ್ಸ್‌ಗೇ ಅಂತ ಮಾಡಿದ ಗೋಲ್ಡನ್ ಸನ್ ಕೂಡ. ಇವುಗಳನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸಿ ಆ ಜಾಗವನ್ನೇ ಉಳಿಸಿಕೊಳ್ಳಬಹುದು.

ಹೆಜ್ಜೆ 7: ಕೊಳ್ಳುವಾಗ

ನಿಂಟೆಂಡೋ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ಅದರ ಆನ್‌ಲೈನ್ ಅಂಗಡಿ ಈಶಾಪ್‌ನಲ್ಲಿ ಭಾರತದ ವಿಭಾಗವೂ ಇಲ್ಲ. ಸ್ಟೀಮ್ ಡೆಕ್ ಕೂಡ ಹಾಗೆಯೇ, ಅಧಿಕೃತ ಮಾರಾಟ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವುದು ಹೊರಗಿಂದ ತರಿಸಿದ್ದು. ವಾರಂಟಿ ಅಂಗಡಿಯವರ ಮಾತಿನ ಮೇಲೆಯೇ ನಿಂತಿರುತ್ತದೆ, ಆದ್ದರಿಂದ ಬಿಲ್ ಮೇಲೆ ಬರೆಸಿಕೊಳ್ಳಿ. ಅಮೆರಿಕ, ಯುರೋಪಿನಲ್ಲಿರುವ ಅಣ್ಣನೋ ಅಕ್ಕನೋ ತಂದುಕೊಡುವುದಾದರೆ ವಾರಂಟಿ ಆ ದೇಶದ್ದು ಅಂತ ಗೊತ್ತಿರಲಿ.

ಸ್ವಿಚ್ ಕಾರ್ಟ್ರಿಜ್‌ಗಳಿಗೆ ದೇಶದ ಬೀಗ ಇಲ್ಲ, ಎಲ್ಲಿಂದ ತಂದರೂ ನಡೆಯುತ್ತದೆ. ಆದರೆ ಹೆಚ್ಚುವರಿ ಕಥೆ ಆಮೇಲೆ ಕೊಳ್ಳುವುದಾದರೆ ಕಾರ್ಟ್ರಿಜ್ ಯಾವ ದೇಶದ್ದೋ ಖಾತೆಯೂ ಆ ದೇಶದ್ದೇ ಇರಬೇಕಾಗಬಹುದು. ಜಪಾನಿನಿಂದ ತರಿಸಿದರೆ ಒಳಗೆ ಇಂಗ್ಲಿಷ್ ಇದೆಯಾ ಅಂತ ಮೊದಲು ನೋಡಿ. ಕಾರ್ಟ್ರಿಜ್‌ನ ದೊಡ್ಡ ಲಾಭ ಅಂದರೆ ಆಡಿ ಮುಗಿಸಿ ಮಾರಬಹುದು, ಗೆಳೆಯರ ಜೊತೆ ಬದಲಾಯಿಸಿಕೊಳ್ಳಬಹುದು. ಸ್ವಿಚ್ 2ರ ಕೆಲವು ಆಟಗಳು ಗೇಮ್ ಕೀ ಕಾರ್ಡ್ ರೂಪದಲ್ಲಿ ಬರುತ್ತವೆ. ಅವುಗಳ ಒಳಗೆ ಆಟ ಇರುವುದಿಲ್ಲ, ಇಳಿಸಿಕೊಳ್ಳಬೇಕು. ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ ಕೊಳ್ಳಿ.

ಡಿಜಿಟಲ್ ಆದರೆ ಜಾಗ ಬೇಕು. ಹಳೇ ಸ್ವಿಚ್‌ನ ಒಳಗೆ ಇರುವುದು 32 ಜಿಬಿ, ದೊಡ್ಡ ಆಟ ಎರಡು ಹಾಕಿದರೆ ತುಂಬುತ್ತದೆ. ಸ್ವಿಚ್ 2ಕ್ಕೆ ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು, ಮನೆಯಲ್ಲಿರುವ ಹಳೇ ಕಾರ್ಡಿನಿಂದ ಆಟ ಓಡುವುದಿಲ್ಲ.

ರಿಯಾಯಿತಿ ಇದೆ ಅಂತ ಒಂದೇ ದಿನ ನಾಲ್ಕು ಆಟ ಕೊಳ್ಳಬೇಡಿ. ರಿಯಾಯಿತಿ ಮತ್ತೆ ಬರುತ್ತದೆ. ನಾಲ್ಕನ್ನೂ ಶುರು ಮಾಡಿ ಒಂದನ್ನೂ ಮುಗಿಸದೆ ಇರುವುದಕ್ಕಿಂತ ಒಂದನ್ನು ಮನಸಾರೆ ಆಡುವುದರಲ್ಲಿ ಸುಖ ಇದೆ.

ಹೆಜ್ಜೆ 8: ಶುರು ಮಾಡಿದ ಮೇಲೆ

ಮೊದಲ ದಿನವೇ ಸೆಟ್ಟಿಂಗ್ಸ್ ತೆರೆಯಿರಿ. ಸಂಭಾಷಣೆ ತಾನಾಗಿ ಮುಂದೆ ಹೋಗುವುದನ್ನು ನಿಲ್ಲಿಸಿ, ಗದ್ದಲದಲ್ಲಿ ಒಂದು ಸಾಲು ತಪ್ಪಿಹೋಗುವುದು ಬೇಡ. ಕಾದಾಟದ ವೇಗ ಹೆಚ್ಚಿಸಿ. ಧ್ವನಿ ಜಪಾನಿ ಬೇಕೋ ಇಂಗ್ಲಿಷ್ ಬೇಕೋ ನೋಡಿ. ಹೊರಗಡೆ ಧ್ವನಿ ಇಲ್ಲದೆ ಆಡುವವರಾದರೆ ಇದು ಅಷ್ಟು ಮುಖ್ಯವಲ್ಲ, ಆದರೆ ಮನೆಗೆ ಬಂದ ಮೇಲೆ ಒಮ್ಮೆಯಾದರೂ ಹೆಡ್‌ಫೋನ್ ಹಾಕಿ. ಈ ಆಟಗಳ ಅರ್ಧ ಜೀವ ಸಂಗೀತದಲ್ಲಿದೆ.

ಸೇವ್ ಬಗ್ಗೆ ಇನ್ನೊಂದು ಮಾತು. ಸ್ವಿಚ್‌ನಲ್ಲಿ ಸೇವ್ ಇರುವುದು ಕಾರ್ಟ್ರಿಜ್‌ನಲ್ಲಲ್ಲ, ಯಂತ್ರದೊಳಗೆ. ಯಂತ್ರ ಕೆಟ್ಟರೆ ಸೇವ್ ಹೋದ ಹಾಗೆಯೇ. ಸ್ವಿಚ್ ಆನ್‌ಲೈನ್ ಚಂದಾ ಇದ್ದರೆ ಬಹುತೇಕ ಆಟಗಳ ಸೇವ್ ಕ್ಲೌಡ್‌ನಲ್ಲಿ ಉಳಿಯುತ್ತದೆ. 80 ಗಂಟೆಯ ಆಟಕ್ಕೆ ಆ ಚಂದಾ ಕೊಡುವುದು ದಂಡವಲ್ಲ. ಸ್ಟೀಮ್‌ನಲ್ಲಿ ಬಹಳಷ್ಟು ಆಟಗಳಿಗೆ ಇದು ಉಚಿತ.

ಆಟ ಬಿಡುವ ಮುಂಚೆ ಫೋನಿನಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳಿ: ಎಲ್ಲಿದ್ದೇನೆ, ಮುಂದೆ ಎಲ್ಲಿ ಹೋಗಬೇಕು, ಯಾರನ್ನು ಮಾತಾಡಿಸಬೇಕು. ಕಥೆ ನೆನಪಿಸದ ಹಳೇ ಆಟಗಳಿಗೆ ಇದು ತುಂಬಾ ಬೇಕು. ನಿಲ್ಲಿಸುವುದಾದರೆ ಊರಿನೊಳಗೆ ನಿಲ್ಲಿಸಿ, ಗುಹೆಯ ನಡುವೆ ಬೇಡ. ತಿಂಗಳು ಬಿಟ್ಟು ಬಂದಾಗ ಊರಿನಲ್ಲಿದ್ದರೆ ನಾಲ್ಕು ಜನರನ್ನು ಮಾತಾಡಿಸಿ ದಾರಿ ಹಿಡಿಯಬಹುದು.

ಒಂದು ಬಾಸ್ ಹತ್ತಿರ ಸಿಕ್ಕಿಹಾಕಿಕೊಂಡರೆ ಸುಮ್ನೆ ಲೆವೆಲ್ ಏರಿಸುತ್ತಾ ಕೂರುವ ಮುಂಚೆ ನಿಮ್ಮ ತಂಡವನ್ನು ಬದಲಾಯಿಸಿ ನೋಡಿ, ಆಯುಧ ಹಳೇದಾಗಿದೆಯಾ ನೋಡಿ, ಶತ್ರುವಿನ ಶಕ್ತಿ ಇಳಿಸುವ ಮಂತ್ರಗಳನ್ನು ಬಳಸಿ ನೋಡಿ. ಹೊಸಬರು ಈ ಕೊನೆಯದನ್ನು ಬಹುತೇಕ ಮರೆಯುತ್ತಾರೆ, ಆದರೆ ಎಷ್ಟೋ ಬಾಸ್‌ಗಳು ಬೀಳುವುದು ಅದರಿಂದಲೇ. ಅದೂ ಆಗದಿದ್ದರೆ ಕಷ್ಟದ ಮಟ್ಟ ಇಳಿಸಿ ಮುಂದೆ ಹೋಗಿ.

ಮೊದಲ ಆಟ ಮುಗಿದ ಮೇಲೆ ಅದರಲ್ಲಿ ಯಾವುದು ಹಿಡಿಸಿತು ಅಂತ ನೋಡಿ ಎರಡನೆಯದನ್ನು ಆರಿಸಿ. ಕಾದಾಟ ಹಿಡಿಸಿದ್ದರೆ ಆಕ್ಟೋಪಾತ್ 2, ಅದೂ ಸುಲಭ ಅನ್ನಿಸಿದರೆ ಶಿನ್ ಮೆಗಾಮಿ ಟೆನ್ಸೆ 5: ವೆಂಜೆನ್ಸ್. ಪಾತ್ರಗಳ ಒಡನಾಟ ಹಿಡಿಸಿದ್ದರೆ ಪರ್ಸೋನಾ 4 ಗೋಲ್ಡನ್, ಅದು ವೀಟಾ ಎಂಬ ಹ್ಯಾಂಡ್‌ಹೆಲ್ಡ್‌ಗೇ ರೂಪುಗೊಂಡ ಆವೃತ್ತಿ, ಈಗ ಸ್ವಿಚ್‌ನಲ್ಲೂ ಸ್ಟೀಮ್‌ನಲ್ಲೂ ಇದೆ. ಊರೂರು ಸುತ್ತಿ ಎಲ್ಲರ ಜೊತೆ ಮಾತಾಡುವುದೇ ಇಷ್ಟವಾಗಿದ್ದರೆ ಟ್ರೇಲ್ಸ್ ಇನ್ ದ ಸ್ಕೈ. 2004ರ ಆ ಆಟದ ಮರುರೂಪ 2025ರ ಸೆಪ್ಟೆಂಬರ್‌ನಲ್ಲಿ ಸ್ವಿಚ್‌ಗೂ ಪಿಸಿಗೂ ಬಂದಿದೆ. ಅದರಲ್ಲಿ ಕಥೆಯ ಒಂದೊಂದು ತಿರುವಿಗೂ ಊರಿನ ಪ್ರತಿಯೊಬ್ಬರ ಮಾತೂ ಬದಲಾಗುತ್ತದೆ, ಅಂಗಡಿಯವರಿಂದ ಹಿಡಿದು ದಾರಿಯಲ್ಲಿ ನಿಂತ ಅಜ್ಜಿಯವರೆಗೆ.